ಸುರುಳಿ ಮೋಡ ಕಂಡ ಸಂಜೆ

ಗಂಡ ಬಿಟ್ಟುಹೋದ ಮೇಲೆ ಕನ್ನಡಕದಂಗಡಿಯವಳಿಗೆ ಆ ಮನೆಯಿಂದ ಉಳಿದದ್ದು ನಾದಿನಿ ಒಬ್ಬಳೇ. ಕೋರ್ಟಿನಲ್ಲಿ ಸಂಬಂಧ ಹರಿದು ಎರಡು ವರ್ಷವಾಗಿದ್ದರೂ ಅವಳು ಅತ್ತಿಗೆ ಎನ್ನುವುದನ್ನು ಬಿಟ್ಟಿರಲಿಲ್ಲ. ಗುಡುಗಿನ ಕಾಲ ಬಂತೆಂದರೆ ಒಬ್ಬಳು ಅಂಗಡಿಗೆ, ಇನ್ನೊಬ್ಬಳು ತನ್ನ ಡ್ರೈವಿಂಗ್ ಶಾಲೆಗೆ ಬೀಗ ಜಡಿದು, ಹಳೆಯ ಜೀಪು ಹತ್ತಿ ಬಿರುಗಾಳಿಯ ಬೆನ್ನು ಬೀಳುತ್ತಿದ್ದರು. ಈ ಹುಚ್ಚು ಹಿಡಿಸಿದವನು ಆ ಗಂಡನೇ. ಹವಾಮಾನ ಕಚೇರಿಯ ಕೆಲಸ. ಊಟಕ್ಕೆ ಕೂತಾಗ ಕಿಟಕಿಯಾಚೆ ಕಪ್ಪಾದರೆ ಕೈಯನ್ನೂ ತೊಳೆಯದೆ ಎದ್ದುಬಿಡುವ ಆಸಾಮಿ. ಹುಚ್ಚನ್ನು ಇವರಿಗೆ ಅಂಟಿಸಿ, ತಾನು ವರ್ಗ ಮಾಡಿಸಿಕೊಂಡು ಬೇರೆ ಊರು ಸೇರಿದ.

ಆ ದಿನ ಜೀಪು ಬಯಲು ದಾರಿಯಲ್ಲಿತ್ತು.

"ಅತ್ತಿಗೆ, ಅಲ್ಲಿ ನೋಡು, ಜೋತುಬಿದ್ದಿದೆ! ಸುಂಟರಗಾಳಿ ಇಳೀತಿದೆ!"

"ತಿರುಗ್ತಾ ಇದೆಯಾ ಅದು? ಇಲ್ಲ ತಾನೆ? ಬರೀ ಚಿಂದಿ ಮೋಡ. ನಿನ್ನಂಥೋರನ್ನ ಹೆದರಿಸೋಕೆ ಬಂದಿದೆ."

"ಮತ್ತೆ ಮೇಲಿರೋ ಆ ಗೊಂಚಲು?"

"ಕೆಚ್ಚಲು ಮೋಡ. ಹಾಲು ಕರೆಯೋಕೆ ಹೋಗ್ಬೇಡ, ರಸ್ತೆ ನೋಡು."

ನಾದಿನಿ ನಕ್ಕಳು. ಆಮೇಲೆ ಯಾಕೋ ಜೀಪನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಅಣ್ಣ ಮತ್ತೆ ಮದುವೆ ಆಗ್ತಿದ್ದಾನೆ. ಮುಂದಿನ ತಿಂಗಳು. ನಿಂಗೆ ಹೇಗೆ ಹೇಳೋದು ಅಂತ ವಾರದಿಂದ ಬಾಯಿಗೆ ಬಂದಿದ್ದನ್ನ ನುಂಗ್ತಾ ಇದೀನಿ."

"ಒಳ್ಳೇದಾಯ್ತು ಬಿಡು," ಎಂದಳು ಇವಳು. ದನಿ ನೆಟ್ಟಗೇ ಬಂತು. ಕೈ ಮಾತ್ರ ದುರ್ಬೀನಿನ ಗಾಜನ್ನು ಒರೆಸಿದ್ದೇ ಒರೆಸಿದ್ದು. ಅವನ ಅಗಲ ಮುಖಕ್ಕೆ ಒಪ್ಪುವ ಫ್ರೇಮೊಂದನ್ನು ಅಂಗಡಿಯಲ್ಲಿ ಯಾರಿಗೂ ಮಾರದೆ ಎತ್ತಿಟ್ಟಿದ್ದಳು. ಕನ್ನಡಕ ಬದಲಿಸುವ ನೆಪದಲ್ಲಾದರೂ ಒಮ್ಮೆ ಬಂದಾನು ಎಂದು. ಅದು ನಾದಿನಿಗೂ ಗೊತ್ತಿರಲಿಲ್ಲ. ಇನ್ನು ಅತ್ತಿಗೆ ಎಂಬ ಹೆಸರೂ ಬೇರೊಬ್ಬಳ ಪಾಲು.

ಕೆಳಗಿಳಿದು ನಿಂತಳು. ಆಗ ಕಂಡಿತು: ದಿಗಂತದ ಈ ತುದಿಯಿಂದ ಆ ತುದಿಗೆ, ಸುತ್ತಿಟ್ಟ ಹಾಸಿಗೆಯ ಹಾಗೆ ಒಂದೇ ಒಂದು ಉದ್ದನೆಯ ಮೋಡ, ನೆಲಕ್ಕೆ ಸಮನಾಗಿ ಮೆಲ್ಲಗೆ ಹೊರಳುತ್ತಾ ಬರುತ್ತಿತ್ತು.

"ಅಯ್ಯೋ! ಅಣ್ಣ ಜೀವಮಾನವಿಡೀ ಬಾಯಿ ಬಿಡ್ತಿದ್ದದ್ದು ಇದಕ್ಕೇ ಅಲ್ವಾ?" ನಾದಿನಿ ಫೋನು ತೆಗೆದಳು. ಆಮೇಲೆ ನಾಲಿಗೆ ಕಚ್ಚಿಕೊಂಡು ಇವಳ ಮುಖ ನೋಡಿದಳು.

"ಮಾಡು. ಪಾಪ, ತಿಳ್ಕೊಳ್ಳಲಿ."

ಸ್ಪೀಕರಿನಲ್ಲಿ ಅವನ ದನಿ ಬಂತು. ಸುದ್ದಿ ಕೇಳಿ ಅವನು ಕೂಗಿಯೇಬಿಟ್ಟ. "ಸುಳ್ಳು! ಕಪಾಟು ಮೋಡ ಇರ್ಬೇಕು. ಅದಾದ್ರೆ ಹಿಂದಿರೋ ಮಳೆಮೋಡಕ್ಕೆ ಅಂಟಿರುತ್ತೆ. ಸರಿಯಾಗಿ ನೋಡು, ಅಂಟಿದೆಯಾ?"

ನಾದಿನಿ ಇವಳತ್ತ ತಿರುಗಿದಳು. ಉತ್ತರ ಕೊಟ್ಟವಳು ಇವಳು.

"ಅಂಟಿಲ್ಲ. ನಡುವೆ ಬೆಳಕಿದೆ."

ಇವಳ ದನಿಯ ಗುರುತು ಸಿಕ್ಕಿ ಅವನ ಕೂಗು ಇಳಿಯಿತು. ಮೆತ್ತಗೆ ಕೇಳಿದ, "ಎರಡೂ ತುದಿ ಕಾಣುತ್ತಾ?"

"ಒಂದು ಕಾಣುತ್ತೆ. ಇನ್ನೊಂದು ಗುಡ್ಡದ ಹಿಂದೆ ಹೋಗಿದೆ."

"ಹೊರಳೋದು?"

"ಮುಂದಿನ ಅಂಚು ಮೇಲೇಳ್ತಿದೆ, ಹಿಂದಿಂದು ಇಳೀತಿದೆ. ತುಂಬಾ ನಿಧಾನ."

"ಬಣ್ಣ?"

ಬಣ್ಣಕ್ಕೂ ಮೋಡದ ಹೆಸರಿಗೂ ಸಂಬಂಧವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಹೇಳಿದಳು. ಹೊಟ್ಟೆ ಬೂದಿ, ಬೆನ್ನು ಬಿಳಿ, ಅಂಚಿನಲ್ಲಿ ಸ್ವಲ್ಪ ಹಳದಿ. ಅವನು ಇನ್ನೊಂದು ಕೇಳಲಿ, ಮತ್ತೂ ಒಂದು ಕೇಳಲಿ ಎಂದು ಜೀವ ಹಪಹಪಿಸಿತು.

"ಸುರುಳಿ ಮೋಡಾನೇ," ಎಂದ ಅವನು. "ನಾನಿರಬೇಕಿತ್ತು ಅಲ್ಲಿ."

"ಹೌದು, ಇರಬೇಕಿತ್ತು," ಎಂದಳು.

ಮೋಡ ತಲೆಯ ಮೇಲೆ ಹಾದಾಗ ತಣ್ಣನೆಯ ಗಾಳಿ ನುಗ್ಗಿ ಫೋನಿನ ಮಾತನ್ನೆಲ್ಲ ಹೊತ್ತುಕೊಂಡು ಹೋಯಿತು. ನಾದಿನಿ "ಹಲೋ, ಹಲೋ" ಎನ್ನುತ್ತಲೇ ಇದ್ದಳು. ಇವಳು ಅವಳ ರಟ್ಟೆ ಹಿಡಿದು ಜೀಪಿನೊಳಗೆ ತಳ್ಳಿದಳು. ಹಿಂದೆಯೇ ಆಲಿಕಲ್ಲು ಬಿತ್ತು.

ಮದುವೆಗೆ ನಾದಿನಿ ಒಬ್ಬಳೇ ಹೋಗಿಬಂದಳು. ಹೇಗಾಯಿತೆಂದು ಇವಳು ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಅವನ ದನಿ ಮತ್ತೆ ಕೇಳಲಿಲ್ಲ. ಮರುವರ್ಷವೂ ಇಬ್ಬರೂ ಮೋಡದ ಬೆನ್ನು ಹತ್ತಿದರು. ಆದರೆ ವಿಚಿತ್ರ ಮೋಡ ಕಂಡಾಗಲೆಲ್ಲ ಕನ್ನಡಕದಂಗಡಿಯವಳು ಹೆಸರು ಹೇಳಲು ಒಂದು ಗಳಿಗೆ ತಡೆಯುತ್ತಿದ್ದಳು, ಯಾರಾದರೂ ಮೊದಲು ಪ್ರಶ್ನೆ ಕೇಳಲಿ ಎಂಬಂತೆ.