ಜಯತೀರ್ಥ ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ತಮಗೆ ಇಷ್ಟವಾದ ಏನಾದರೊಂದನ್ನು ಅಲ್ಲೇ ಬಿಟ್ಟು ಬರಬೇಕು, ಆಮೇಲೆ ಜನ್ಮದಲ್ಲಿ ಅದನ್ನು ಮುಟ್ಟಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಹೆಚ್ಚಿನವರು ಹಾಗಲಕಾಯಿ ಬಿಡುತ್ತಾರೆ. ಇದನ್ನು ನೋಡಿದರೆ ಕನ್ನಡಿಗರಿಗೆ ಹಾಗಲಕಾಯಿಯಷ್ಟು ಪ್ರಿಯವಾದ ತರಕಾರಿ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದೇ ಹೇಳಬೇಕು.

೨೦೦೩ರ ಮಾಘದಲ್ಲಿ ತಂದೆಯ ಅಸ್ಥಿ ಹಿಡಿದು ಕಾಶಿಯ ಹನುಮಾನ್ ಘಾಟಿಗೆ ಬಂದ ಜಯತೀರ್ಥನ ಮನಸ್ಸಿನಲ್ಲೂ ಹಾಗಲಕಾಯಿಯೇ ಇತ್ತು. ಅವನು ಚಾಮರಾಜಪೇಟೆಯವನು, ಕೋಲ್ಕತಾದ ಒಂದು ಕ್ಲಬ್ಬಿನಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುವ ಮಿಡ್‌ಫೀಲ್ಡರ್. ಮೈದಾನದ ನಡುವೆ ನಿಂತು, ಹಿಂದಿನವರಿಂದ ಬಂದ ಚೆಂಡನ್ನು ಮುಂದಿನವರಿಗೆ ದಾಟಿಸುವುದು ಅವನ ಉದ್ಯೋಗ. ಆದರೆ ಅವನಿಗೊಂದು ಚಟವಿತ್ತು. ಚೆಂಡು ಕಾಲಿಗೆ ಬಂದರೆ ಸಾಕು, ನಿಂತಲ್ಲಿಂದಲೇ ಗೋಲಿಗೆ ಬಾರಿಸುತ್ತಿದ್ದ. ಹಾಗೆ ಬಾರಿಸಿದ ಚೆಂಡುಗಳಲ್ಲಿ ಕೆಲವು ಹೂಗ್ಲಿ ನದಿಗೆ ಬಿದ್ದು, ಸಮುದ್ರ ಸೇರಿ, ಅಂಡಮಾನಿನಲ್ಲಿ ಒಂದು ಫುಟ್‌ಬಾಲ್ ಸಂಘ ಹುಟ್ಟಲು ಕಾರಣವಾದವು.

"ಏನು ಬಿಡ್ತೀಯಪ್ಪಾ?" ಎಂದರು ಪುರೋಹಿತ ಬದರೀನಾರಾಯಣಾಚಾರ್ಯರು. ತಾತನ ಕಾಲದಿಂದ ಘಾಟಿನಲ್ಲೇ ನೆಲೆಸಿದ ಮನೆತನ ಅವರದು.

"ಹಾಗಲಕಾಯಿ."

"ಅರೇ ಭೈಯಾ, ವಿಶ್ವನಾಥನಿಗೆ ಹಾಗಲಕಾಯಿ ಇಟ್ಕೊಳ್ಳೋಕೆ ಜಾಗ ಇಲ್ಲ. ನಿಮ್ಮೂರಿನವರು ಬಿಟ್ಟಿದ್ದೇ ಗೋದೌಲಿಯಾ ಚೌಕದ ತನಕ ಬಿದ್ದಿದೆ. ಪ್ರಾಣಕ್ಕಿಂತ ಇಷ್ಟ ಆಗಿದ್ದು ಹೇಳು."

ಗಂಗೆ ಸೊಂಟದ ಮಟ್ಟಕ್ಕಿತ್ತು. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು. ಅಂಥ ಚಳಿಯಲ್ಲಿ ಸುಳ್ಳು ಹೆಣೆಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

"ಗೋಲಿಗೆ ಹೊಡೆಯೋದು," ಎಂದುಬಿಟ್ಟ ಜಯತೀರ್ಥ.

ಆಚಾರ್ಯರು ಒಂದು ಕ್ಷಣ ಆಕಾಶ ನೋಡಿ, ಅದಕ್ಕೊಂದು ಸಂಸ್ಕೃತ ಹುಡುಕಿ, ಸಂಕಲ್ಪ ಹೇಳಿಸಿ, ತಲೆ ಹಿಡಿದು ಮುಳುಗಿಸಿದರು.

ಅಲ್ಲಿಂದ ಅವನ ಯೋಗವೇ ತಿರುಗಿತು. ಗೋಲಿಗೆ ಹೊಡೆಯುವಂತಿಲ್ಲವಾದ್ದರಿಂದ ಕಂಡಕಂಡವರಿಗೆಲ್ಲ ಪಾಸು ಕೊಡತೊಡಗಿದ. ಎಷ್ಟು ಚೆನ್ನಾಗಿ ಕೊಡುತ್ತಿದ್ದನೆಂದರೆ, ಮುಂದಿನ ಸಾಲಿನ ಆಟಗಾರರು ಓಡುವುದನ್ನೇ ಮರೆತು ದಪ್ಪಗಾದರು. ಪತ್ರಿಕೆಗಳು ಅವನನ್ನು ನಿಸ್ವಾರ್ಥಿ ಎಂದು ಬರೆದವು. ಒಮ್ಮೆ ಎದುರಿನ ಗೋಲ್‌ಕೀಪರ್ ಕಾಲುಳುಕಿ ಬಿದ್ದಿದ್ದಾಗ, ಖಾಲಿ ಗೋಲಿನ ಮುಂದೆ ಚೆಂಡನ್ನು ಕಾಲಡಿ ಇಟ್ಟುಕೊಂಡು ಜಯತೀರ್ಥ ಸಹ ಆಟಗಾರನಿಗೆ ಕಾದ. ಸಹ ಆಟಗಾರ ಅರ್ಧ ಮೈದಾನದಾಚೆ ಬೂಟಿನ ಲೇಸು ಕಟ್ಟುತ್ತಿದ್ದ. ಬಂಗಾಳಿಗಳು ಗ್ಯಾಲರಿಯಲ್ಲಿ ಚಪ್ಪಲಿ ಕಳಚುವಷ್ಟರಲ್ಲಿ ಅವನು ಬಂದು ಗೋಲು ಹೊಡೆದದ್ದು ಪುಣ್ಯ.

ಆದರೆ ಮಿಡ್‌ಫೀಲ್ಡರನ ಆಯುಷ್ಯ ಮೊಣಕಾಲಿನಲ್ಲಿರುತ್ತದೆ. ೨೦೦೬ರಲ್ಲಿ ಜಯತೀರ್ಥನ ಬಲಮೊಣಕಾಲು ಹಳೇ ಬಾಗಿಲಿನಂತೆ ಕಿರುಗುಡತೊಡಗಿತು. ಅದೇ ವರ್ಷ ಕ್ಲಬ್ಬು ಬನಾರಸಿನ ಒಂದು ಟೂರ್ನಿಗೆ ಬಂದು ಫೈನಲ್ ತಲುಪಿತು. ಆಟಕ್ಕೆ ಮುಂಚೆ ಕಾರ್ಯದರ್ಶಿ ಮಜುಂದಾರ್ ಬಾಬು ಅವನ ಹೆಗಲ ಮೇಲೆ ಕೈಯಿಟ್ಟ.

"ಜೋಯ್, ಇವತ್ತು ಕಪ್ ಬಂದರೆ ನಿನ್ನ ಕರಾರು ಮುಂದುವರಿಸ್ತೀನಿ. ಬರದಿದ್ದರೆ ನಿನ್ನ ಮೊಣಕಾಲಿಗೆ ನಮ್ಮ ನಮಸ್ಕಾರ."

ಫುಟ್‌ಬಾಲ್ ಬಿಟ್ಟರೆ ಅವನಿಗೆ ಬೇರೆ ಯಾವ ವಿದ್ಯೆಯೂ ಬರುತ್ತಿರಲಿಲ್ಲ.

"ನಮ್ಮವನು ಆಡ್ತಾನೆ" ಎಂದು ಹನುಮಾನ್ ಘಾಟಿನ ಕನ್ನಡದವರೆಲ್ಲ ಬಂದಿದ್ದರು. ಸಣ್ಣ ಮೈದಾನ, ಕೂರಲು ಜಾಗವಿರಲಿಲ್ಲ. ಆಚಾರ್ಯರೂ, ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಹರಿಹರದ ಕಡೆಯಿಂದ ಬಂದು ನೆಲೆಸಿದ್ದ ಅಜ್ಜಿ ಬಸವಣ್ಣೆಮ್ಮನೂ ಒಂದು ಗೋಲಿನ ಬಲೆಯ ಹಿಂದೆಯೇ ನಿಂತಿದ್ದರು.

ಆಟ ಸಮ ಆಯಿತು. ಪೆನಾಲ್ಟಿ ಶುರುವಾಯಿತು. ಜಯತೀರ್ಥ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತ, ಗೋಲ್‌ಕೀಪರನನ್ನೂ ತನಗಿಂತ ಮುಂದೆ ಕಳಿಸಿದ. ದೇವರು ಹಟಕ್ಕೆ ಬಿದ್ದಿದ್ದ. ಎರಡೂ ಕಡೆ ಹತ್ತು ಹತ್ತು ಜನ ಹೊಡೆದು ಮುಗಿದರೂ ಸಮವೇ. ಎದುರಾಳಿಯ ಕೊನೆಯವನು ಹೊಡೆದದ್ದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಇನ್ನು ಜಯತೀರ್ಥನೊಬ್ಬನೇ. ಹೊಡೆದರೆ ಕಪ್ ಬಂದಂತೆ.

ಅವನು ಚೆಂಡನ್ನು ಗುರುತಿನ ಮೇಲಿಟ್ಟು, ನೇರವಾಗಿ ಬಲೆಯ ಹಿಂದಕ್ಕೆ ನಡೆದ.

"ಆಚಾರ್ಯರೇ, ಏನ್ ಮಾಡ್ಲಿ? ನೀವೇ ಬಿಡಿಸಿದ್ದು."

"ಕಾಶೀಲಿ ಬಿಟ್ಟಿದ್ದನ್ನ ವಾಪಸ್ ತಗೊಳ್ಳೋ ಮಂತ್ರ ಇಲ್ಲಪ್ಪ."

"ನನ್ನ ಅನ್ನ ಹೋಗುತ್ತೆ!"

"ಅನ್ನ ಬಿಟ್ಟವರೂ ಇದ್ದಾರೆ. ಅವಲಕ್ಕಿ ತಿಂತಾರೆ," ಎಂದರು ಆಚಾರ್ಯರು ಗಂಭೀರವಾಗಿ.

ರೆಫರಿ ಊದಲು ಎತ್ತಿದ ಸೀಟಿಯನ್ನು ಇಳಿಸಿದ. ಅವನು ಬನಾರಸಿನವನೇ, ಸಂಕಲ್ಪದ ವಿಚಾರದಲ್ಲಿ ಅಡ್ಡ ಬರುವವನಲ್ಲ. "ಪಂಡಿತ್‌ಜೀ, ಜರಾ ಜಲ್ದಿ," ಎಂದಷ್ಟೇ ಅಂದ.

ಬಸವಣ್ಣೆಮ್ಮ ಬಾಯಲ್ಲಿದ್ದ ಪಾನನ್ನು ಒಂದು ದವಡೆಗೆ ತಳ್ಳಿದಳು. "ಅಲ್ಲೋ ತಮ್ಮಾ, ನೀ ಬಿಟ್ಟಿದ್ದು ಗೋಲಿಗೆ ಹೊಡಿಯಾದು. ಚೆಂಡು ಇನ್ನೊಬ್ಬರಿಗೆ ಕೊಡಾದು ಬಿಟ್ಟಿಯೇನು?"

"ಇಲ್ಲಜ್ಜಿ, ಅದೇ ನನ್ನ ಕೆಲಸ."

"ಹಂಗಾರೆ ನಂಗೆ ಕೊಡು. ನಾ ಇಲ್ಲೇ ನಿಂತಿರ್ತೀನಿ. ನಡುವೆ ಅದ್ಯಾವುದೋ ಬಲೆ ಐತಲ್ಲ, ಅದಕ್ಕೂ ನಮಗೂ ಸಂಬಂಧ ಇಲ್ಲ."

ಆಚಾರ್ಯರು ಕಣ್ಣು ಮುಚ್ಚಿ ಯೋಚಿಸಿದರು. "ಹಲಸಿನ ಹಣ್ಣು ಬಿಟ್ಟವರು ಹಲಸಿನ ಹಪ್ಪಳ ತಿನ್ನೋದುಂಟು," ಎಂದರು. "ನಡೆಯುತ್ತೆ."

ಜಯತೀರ್ಥ ಹಿಂದಿರುಗಿದ. ರೆಫರಿ ಸೀಟಿ ಊದಿದ. ಪೆನಾಲ್ಟಿ ಹೊಡೆಯುವವನ ಕಣ್ಣು ಎಡಕ್ಕೋ ಬಲಕ್ಕೋ ಹೊರಳುವುದನ್ನು ಗೋಲ್‌ಕೀಪರ್ ಕಾಯುತ್ತಾನೆ. ಈ ಕಣ್ಣು ಎರಡೂ ಕಡೆ ಹೊರಳಲಿಲ್ಲ. ಕೀಪರನ ಭುಜದಾಚೆ ಯಾರನ್ನೋ ಪ್ರೀತಿಯಿಂದ ನೋಡುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ "ಇಲ್ಲಿ, ಇಲ್ಲಿ!" ಎಂಬ ಕೂಗು. ಯಾರಪ್ಪಾ ಎಂದು ಕೀಪರ್ ತಿರುಗಿ ನೋಡಿದ. ಚೆಂಡು, ಮನೆಗೆ ಬಂದ ನೆಂಟರ ಹಾಗೆ ನಿಧಾನವಾಗಿ ಅವನ ಪಕ್ಕದಲ್ಲೇ ಉರುಳಿ ಒಳಗೆ ಹೋಯಿತು.

ಮೈದಾನ ಕಿತ್ತುಹೋಗುವಂತೆ ಕೂಗೆದ್ದಿತು. ಜಯತೀರ್ಥನನ್ನು ಎತ್ತಿಕೊಳ್ಳಲು ಹತ್ತೂ ಜನ ಓಡಿ ಬಂದರು. ಅವನು ಬಸವಣ್ಣೆಮ್ಮನ ಮುಖ ನೋಡುತ್ತಿದ್ದ.

"ಎಲ್ಲಿ ಬಂತು?" ಎಂದಳು ಅವಳು. "ಬಲೇಗೇ ಸಿಕ್ಕಾಕ್ಕೊಂತು. ತಲುಪದಿದ್ರೆ ಅದು ಕೊಟ್ಟಂಗಾಗಲ್ಲ. ಗೋಲಿಗೆ ಹೊಡದಂಗೇ."

ಜಯತೀರ್ಥ ತಬ್ಬಲು ಬಂದವರನ್ನು ತಳ್ಳಿ, ಕಿರುಗುಡುವ ಮೊಣಕಾಲಿನಲ್ಲೇ ಓಡಿ, ಬಲೆಯ ಅಂಚನ್ನು ಎತ್ತಿ, ಚೆಂಡನ್ನು ಆಚೆಗೆ ಮೆಲ್ಲಗೆ ತಳ್ಳಿದ. ಬಸವಣ್ಣೆಮ್ಮ ಸೀರೆಯನ್ನು ಒಂದು ಗೇಣು ಎತ್ತಿ, ಅಂಗಾಲಿನಿಂದ ಚೆಂಡನ್ನು ಒತ್ತಿ ನಿಲ್ಲಿಸಿದಳು. ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಈಗ ಬಂತು."

"ಸಂಕಲ್ಪಕ್ಕೆ ಭಂಗವಿಲ್ಲ," ಎಂದರು ಆಚಾರ್ಯರು.

ಮಜುಂದಾರ್ ಬಾಬು ಏದುಸಿರು ಬಿಡುತ್ತ ಬಂದು ಜಯತೀರ್ಥನ ಕೈ ಕುಲುಕಿ, ಕರಾರು ಖಾತ್ರಿ ಎಂದ. ಆದರೆ ಅವನ ಕಣ್ಣು ಮಾತ್ರ ಚೆಂಡಿನ ಮೇಲೆ ಕಾಲಿಟ್ಟು ನಿಂತವಳ ಮೇಲಿತ್ತು.

"ಮಾತಾಜಿ ಕೋಲ್ಕತಾಕ್ಕೆ ಬರ್ತಾರಾ, ಕೇಳು," ಎಂದು ಪಿಸುಗುಟ್ಟಿದ. ಜಯತೀರ್ಥ ಅದನ್ನು ಕನ್ನಡದಲ್ಲಿ ಕೇಳಿದ.

"ಸಾಯಾಕೆ ಅಂತ ಬಂದೋಳು ನಾನು, ಕಾಶಿ ದಾಟಂಗಿಲ್ಲ," ಎಂದಳು ಬಸವಣ್ಣೆಮ್ಮ. "ಬೇಕಂದ್ರೆ ಆಟಾನೇ ಇಲ್ಲಿಗೆ ತಗಂಬಾ ಅನ್ನು."