ವಾರ್ನಿಷ್ ಹಚ್ಚುವ ದಿನ

ಅಸ್ಸುಂತಾ ಹಳೆಯ ಶೈಲಿಯ ಚಿತ್ರಕಾರರ ಮುಂದೆ ರೂಪದರ್ಶಿಯಾಗಿ ನಿಲ್ಲುವುದನ್ನು ಬಿಟ್ಟಿದ್ದಳು. ಅವರು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತಿದ್ದರು. ಹೊಸಬರಾದರೆ ಮೈಯನ್ನು ತ್ರಿಕೋನ, ಚೌಕಗಳಾಗಿ ಕತ್ತರಿಸಿಡುತ್ತಿದ್ದರು. ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ. ಅವಳಿಗೆ ಬೇಕಾದದ್ದೂ ಅದೇ. ಮಗಳು ನೆಲ್ಲಾ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದುತ್ತಿದ್ದಳು. ತಾಯಿ ಬಟ್ಟೆ ಒಗೆಯುವವಳೆಂದು ಅಲ್ಲಿ ನಂಬಿದ್ದರು. ಬೆತ್ತಲೆ ನಿಲ್ಲುವವಳೆಂದು ತಿಳಿದರೆ ಹುಡುಗಿಯನ್ನು ಅಂದೇ ಹೊರಗೆ ಹಾಕುತ್ತಿದ್ದರು.

ಚಿತ್ರಕಾರರ ಕೇರಿಯಾದ ಮೊಂಪರ್ನಾಸ್‌ನಲ್ಲಿ, ಆ ಹೊಸಬರಲ್ಲೊಬ್ಬನಾದ ವೆರ್ದಿಯೆಯ ಚಿತ್ರಶಾಲೆ ನನ್ನದರ ಪಕ್ಕದಲ್ಲೇ ಇತ್ತು. ನಾನೂ ಆಗ ಚಿತ್ರ ಬರೆಯುತ್ತಿದ್ದೆ. ಮುಖ ಬರೆಯುವುದಿಲ್ಲವೆಂದು ಅವನು ನನ್ನೆದುರಿಗೇ ಅವಳಿಗೆ ಮಾತು ಕೊಟ್ಟಿದ್ದ. ಚಳಿಗಾಲವಿಡೀ ಅವಳು ಆರಿದ ಒಲೆಯ ಪಕ್ಕ ನಿಂತಳು. ನಡುವೆ ಸುಧಾರಿಸಿಕೊಂಡು ಮತ್ತೆ ಬಂದು ನಿಂತಾಗ ನಿಲುವು ತಪ್ಪದಿರಲಿ ಎಂದು ಅವನು ಅವಳ ಪಾದಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದ.

ಪ್ರದರ್ಶನ ತೆರೆಯುವ ಹಿಂದಿನ ದಿನ, ಗೋಡೆಗೇರಿದ ಚಿತ್ರಗಳಿಗೆ ನಾವೆಲ್ಲ ವಾರ್ನಿಷ್ ಹಚ್ಚುತ್ತಿದ್ದೆವು, ಬೇಕೆನಿಸಿದರೆ ಕೊನೆಯ ಬಣ್ಣವನ್ನೂ ಕೊಡುತ್ತಿದ್ದೆವು. ಆ ಸಲ ನನ್ನ ಸೊಂಟನೋವು ನೋಡಿ ಡಬ್ಬಿಗಳನ್ನು ಹೊತ್ತು ಅಸ್ಸುಂತಾಳೇ ಜೊತೆಗೆ ಬಂದಿದ್ದಳು. ವೆರ್ದಿಯೆಯ ಚಿತ್ರದ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಮೈಯೆಲ್ಲ ಒಡೆದ ಗಾಜಿನಂತೆ ಚೂರುಚೂರು. ಅದರ ಮೇಲೆ, ಹುಬ್ಬಿನ ಗಾಯದ ಕಲೆಯನ್ನೂ ಬಿಡದೆ, ಅವಳದೇ ಮುಖ. ಬಣ್ಣ ಇನ್ನೂ ಹಸಿಯಾಗಿತ್ತು, ವೆರ್ದಿಯೆ ಕುಂಚ ಒರೆಸುತ್ತ ಅಲ್ಲೇ ನಿಂತಿದ್ದ. ನೆಲ್ಲಾಳ ಶಾಲೆಗೆ ದಾನ ಕೊಡುವ, ಅಸ್ಸುಂತಾಳ ಮುಖ ಬಲ್ಲ ಸಿರಿವಂತ ಹೆಂಗಸರು ಮರುದಿನ ಬೆಳಿಗ್ಗೆಯೇ ಪ್ರದರ್ಶನಕ್ಕೆ ಬರುವವರಿದ್ದರು.

"ಮುಖ ಬರೆಯಲ್ಲ ಅಂದಿದ್ರಿ, ಮೊಸ್ಯೂ."

"ಅಂದಿದ್ದೆ. ಮುಖ ಇಲ್ದೆ ಚಿತ್ರ ಸತ್ತೋಗಿತ್ತು ಕಣೇ. ನಿನ್ನನ್ನ ಅಮರ ಮಾಡಿದೀನಿ, ಖುಷಿಪಡು."

"ನನ್ನ ಮಗಳನ್ನ ಹೊರಗೆ ಹಾಕ್ತಾರೆ."

"ಅದಕ್ಕೂ ಚಿತ್ರಕ್ಕೂ ಏನು ಸಂಬಂಧ?" ಎಂದು ಅವನು ಗೆಳೆಯರ ಜೊತೆ ಊಟಕ್ಕೆ ಹೋದ.

ನಾನು ಬಣ್ಣ ಕರಗಿಸುವ ಟರ್ಪೆಂಟೈನ್ ಹಾಕಿದ ಬಟ್ಟೆಯನ್ನೂ ನನ್ನ ಅಗಲದ ಕುಂಚವನ್ನೂ ಅವಳಿಗೆ ಕೊಟ್ಟೆ. ಆ ದಿನ ಏಣಿಯ ಮೇಲೆ ಕುಂಚ ಹಿಡಿದವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕಾವಲುಗಾರನಿಗೆ ಮಾತ್ರ ಅವಳು ಯಾರೆಂದು ಗೊತ್ತಿತ್ತು. ಅವನು ಬಗ್ಗಿ ಬೂಟಿನ ದಾರ ಕಟ್ಟತೊಡಗಿದ, ಕಟ್ಟುತ್ತಲೇ ಇದ್ದ. ಪಕ್ಕದ ಗೋಡೆಯಲ್ಲಿ ಹಸುಗಳ ಚಿತ್ರಕ್ಕೆ ವಾರ್ನಿಷ್ ಹಚ್ಚುತ್ತಿದ್ದ ಮುದುಕರೊಬ್ಬರು ಬಂದು ಏಣಿ ಹಿಡಿದುಕೊಂಡರು.

"ನಿಧಾನ, ಮಗಳೇ," ಎಂದರು. "ಒಂದು ಕಿವಿ ಉಳ್ಕೊಂಡಿದೆ."

ಅವಳು ಅದನ್ನೂ ಒರೆಸಿ, ಮುಖವಿದ್ದ ಜಾಗಕ್ಕೆಲ್ಲ ಬೂದುಬಣ್ಣ ಬಳಿದು ಇಳಿದಳು.

ಊಟ ಮುಗಿಸಿ ಬಂದ ವೆರ್ದಿಯೆ ಕೂಗಾಡುತ್ತಾನೆಂದುಕೊಂಡೆ. ಅವನು ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ, ಆಮೇಲೆ ಅದರ ಕೆಳಗೆ ತನ್ನ ಸಹಿ ಹಾಕಿದ. ಆ ವಾರ ಪತ್ರಿಕೆಗಳೆಲ್ಲ ಮುಖವಿಲ್ಲದ ಆ ಹೆಣ್ಣನ್ನು ಹೊಗಳಿದವು. ಎಷ್ಟು ಧೈರ್ಯ, ಎಂಥ ಹೊಸ ಕಣ್ಣು ಎಂದವು. ಅವನು ನಾಚಿಕೆಯಿಲ್ಲದೆ ತಲೆಬಾಗಿ ಎಲ್ಲವನ್ನೂ ಸ್ವೀಕರಿಸಿದ.

ಭಾನುವಾರ ನೆಲ್ಲಾಳಿಗೆ ಶಾಲೆಯ ಇಗರ್ಜಿಯಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ಹಬ್ಬ. ಅಸ್ಸುಂತಾಳ ಉಗುರುಗಳಲ್ಲಿ ಬೂದುಬಣ್ಣ ಇನ್ನೂ ಹೋಗಿರಲಿಲ್ಲ. ನನ್ನ ಕೈಗವಸು ಕೊಟ್ಟೆ. ದಾನ ಕೊಡುವ ಹೆಂಗಸೊಬ್ಬಳು ಅವಳ ಕೈಕುಲುಕಿ, ಹುಡುಗಿಯ ಬಿಳಿ ಉಡುಪನ್ನು ಎಷ್ಟು ಚೆನ್ನಾಗಿ ಒಗೆದಿದ್ದೀರಿ ಎಂದಳು.

ಹೊರಗೆ ಬಂದ ಮೇಲೆ ವೆರ್ದಿಯೆ ನನ್ನ ಕೈಲಿ ಹೇಳಿಕಳಿಸಿದ್ದನ್ನು ಅವಳಿಗೆ ತಿಳಿಸಿದೆ: ಸೋಮವಾರ ಬರಬೇಕಂತೆ, ಮುಖವಿಲ್ಲದ ಇನ್ನೊಂದು ಚಿತ್ರ ಬೇಕಂತೆ.

ಅವಳು ಕೈಗವಸು ಬಿಚ್ಚಿ, ಮಡಿಸಿ, ನನ್ನ ಕೈಗಿಟ್ಟಳು.

"ಅವರೇ ನಿಂತ್ಕೊಳ್ಳಲಿ," ಎಂದಳು. "ಸೀಮೆಸುಣ್ಣದ ಗೆರೆ ಅಲ್ಲೇ ಇದೆ."