ಸೋರೆಬಳ್ಳಿಯ ಬುಡ

ಬಲಗೈ ತೂರಿತು, ಎಡಗೈಯೂ ಕಷ್ಟಪಟ್ಟು ತೂರಿತು. ಆದರೆ ಎದೆಯ ಹತ್ತಿರ ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳಿನ ಅಂತರ ಹಾಗೇ ಉಳಿಯಿತು. ತಂಗಿ ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದಳು. ಉಸಿರಿಲ್ಲದ ಅಕ್ಕನ ತಲೆ ದಿಂಬಿನ ಮೇಲೆ ಸ್ವಲ್ಪ ಅಲುಗಿತು ಅಷ್ಟೇ, ಅಂಗಿ ಕೂಡಲಿಲ್ಲ.

ಸಿದ್ಧ ಉಡುಪಿನ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೂತು ಊರಿನವರ ಬಟ್ಟೆಯನ್ನೆಲ್ಲ ಬಿಗಿ ಮಾಡಿ, ಸಡಿಲ ಮಾಡಿ ಪಳಗಿದ ಕೈ ಅವಳದು. ಅಕ್ಕನ ಅಳತೆಯಂತೂ ಬಾಯಿಪಾಠ. ಈ ನೀಲಿ ಅಂಗಿಯನ್ನು ಹೊಲಿದವಳೂ ಅವಳೇ, ಆರು ವರ್ಷದ ಹಿಂದೆ, ಅಮ್ಮ ತೀರಿಕೊಂಡ ಮೇಲೆ. ಆಗ ಅಕ್ಕ ಕಡ್ಡಿಯ ಹಾಗಿದ್ದಳು.

"ಅದು ಆಗಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಬೇಕರಿಯವಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. "ಭುಜ ನೋಡಿ ಹೇಗಾಗಿದೆ, ನೀರು ಹೊತ್ತು ಹೊತ್ತು. ಆ ಅಂಗಿ ಹಾಕ್ಕೊಳ್ಳೋದು ಬಿಟ್ಟು ಮೂರು ವರ್ಷ ಆಯ್ತು."

"ನನಗೆ ಗೊತ್ತು," ಎಂದಳು ತಂಗಿ. ಅವಳಿಗೆ ಗೊತ್ತಿರಲಿಲ್ಲ.

"ಹಸಿರು ಗೀಟಿಂದು ತರಲಾ? ಅವರಿಗೆ ಅದೇ ಇಷ್ಟ. ಇಸ್ತ್ರಿ ಮಾಡಿ ನಮ್ಮನೇಲೇ ಇಟ್ಟಿದೀನಿ."

ಅಕ್ಕನ ಅಂಗಿ, ಇವಳ ಮನೆಯಲ್ಲಿ, ಇಸ್ತ್ರಿಯಾಗಿ.

"ಬೇಡ. ನೀವು ಆಚೆ ಕೂತಿರಿ, ನಾನು ನೋಡ್ಕೋತೀನಿ."

ಬೇಕರಿಯವಳು ಹೋದ ಮೇಲೆ ತಂಗಿ ಅಕ್ಕನನ್ನು ಮಗ್ಗುಲಿಗೆ ಹೊರಳಿಸಿ, ಅಂಗಿಯ ಬೆನ್ನನ್ನು ಕೊರಳಿನಿಂದ ಕೆಳತುದಿಯವರೆಗೆ ಕತ್ತರಿಸಿದಳು. ಎರಡು ಹೋಳನ್ನೂ ಮೈಯಡಿಗೆ ಸಿಕ್ಕಿಸಿ, ಎದುರಿನ ಗುಂಡಿ ಹಾಕಿದಳು. ಮುಂದಿನಿಂದ ನೋಡುವವರಿಗೆ ಅಳತೆ ತೆಗೆದು ಹೊಲಿದಂತೆಯೇ ಕಾಣುತ್ತಿತ್ತು.

ಅಕ್ಕನ ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಒದ್ದೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಹೋಗಲಿಲ್ಲ.

ಮುಂದಿನ ಕೋಣೆಯಲ್ಲಿ ಜನ ಸೇರಿದ್ದರು. ಹೆಗಲು, ಸೊಂಟ, ತೋಳಿನ ಉದ್ದ ಬಿಟ್ಟು ಮನುಷ್ಯರಲ್ಲಿ ಬೇರೇನನ್ನೂ ಮೊದಲು ನೋಡಿ ಅಭ್ಯಾಸವಿಲ್ಲದ ತಂಗಿಗೆ ಎಲ್ಲರೂ ಅಪರಿಚಿತ ಅಳತೆಗಳು. ಅಕ್ಕನಿಗೆ ಇಷ್ಟೊಂದು ಜನ ಎಲ್ಲಿಂದ ಬಂದರು? ಅವರೆಲ್ಲ ಬೇಕರಿಯವಳ ಸುತ್ತ ಕೂತಿದ್ದರು. ಒಬ್ಬಳು ಅವಳ ಬೆನ್ನು ಸವರುತ್ತಿದ್ದಳು, ಇನ್ನೊಬ್ಬಳು ನೀರಿನ ಲೋಟ ಹಿಡಿದಿದ್ದಳು. ನಿನ್ನೆ ಬೆಳಿಗ್ಗೆ ಬೀನ್ಸ್ ಸಾಲಿನ ನಡುವೆ ಅಕ್ಕ ಒರಗಿ ಬಿದ್ದಿದ್ದನ್ನು ಮೊದಲು ಕಂಡವಳು ಅವಳೇ. ಆ ಕತೆಯನ್ನು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು, ಪ್ರತಿ ಸಲವೂ ಅಲ್ಲೇ ನಿಲ್ಲುತ್ತಿದ್ದಳು: "ಕೈ ಇನ್ನೂ ಬೆಚ್ಚಗಿತ್ತು."

ಎದುರು ಮನೆಯ ನಿವೃತ್ತ ಮೇಷ್ಟ್ರು ತಲೆ ಆಡಿಸಿದರು. "ಎಂಥಾ ಹೆಂಗಸು. ಸೌತೆಕಾಯಿ ಕಾಲ ಬಂತು ಅಂದ್ರೆ ಬುಟ್ಟಿ ಹೊತ್ಕೊಂಡು ಬೀದಿಗಿಳಿಯೋರು. ಎಷ್ಟೂಂತ ತಿನ್ನೋದು? ಕಡೆಕಡೆಗೆ ಅವರು ಬರೋದು ಕಂಡ್ರೆ ನಾವು ಬಾಗಿಲು ಹಾಕ್ಕೊಂಡು ಉಸಿರೆತ್ತದೆ ಕೂರ್ತಿದ್ವಿ."

"ಕಿಟಕಿಯಿಂದ ಒಳಗೆ ಹಾಕಿ ಹೋಗ್ತಿದ್ರು," ಎಂದಳು ಅವರ ಹೆಂಡತಿ. ಎಲ್ಲರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ತಂಗಿಗೆ ಯಾರೂ ಒಂದು ಸೌತೆಕಾಯಿಯನ್ನೂ ಕಿಟಕಿಯಿಂದ ಹಾಕಿರಲಿಲ್ಲ. ಮೇಷ್ಟ್ರು ಅವಳತ್ತ ತಿರುಗಿ ಸೌಜನ್ಯಕ್ಕೆ ಕೇಳಿದರು: "ನೀವು ಸಂಬಂಧದಲ್ಲಿ ಏನಾಗಬೇಕು?"

"ಒಡಹುಟ್ಟಿದವಳು."

"ಓ," ಎಂದು ಮೇಷ್ಟ್ರು ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟರು.

ಅವಳು ಕೂರಲಿಲ್ಲ. ನೇರ ಬೇಕರಿಯವಳ ಮುಂದೆ ಹೋಗಿ ನಿಂತಳು. ಬೇಕರಿಯವಳು ಮೂಗೊರೆಸಿಕೊಂಡು, "ಗಾಡಿ ಬರೋದು ಇನ್ನೂ ತಡ ಆಗುತ್ತಂತೆ. ಅಷ್ಟರಲ್ಲಿ ಹಿತ್ತಲಿಗೆ ಒಂದಿಷ್ಟು ನೀರು ಹಾಕಿಬಿಡ್ಲಾ? ನಿನ್ನೆಯಿಂದ ಹಾಕಿಲ್ಲ," ಎಂದಳು.

"ಅದನ್ನ ಇನ್ಮೇಲೆ ನಾನು ನೋಡ್ಕೋತೀನಿ. ಹಿಂಬಾಗಿಲಿನ ಬೀಗದಕೈ ನಿಮ್ಮ ಹತ್ರ ಇದೆಯಂತೆ. ಕೊಡಿ."

ಬೇಕರಿಯವಳು ಸೊಂಟದ ಗೊಂಚಲಿನಿಂದ ಒಂದು ಕೀಲಿ ಬಿಡಿಸಲು ಹೋಗಿ ಉಗುರು ಮುರಿದುಕೊಂಡಳು. ಕೊಟ್ಟಳು.

*

ಅಕ್ಕ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದಳು. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಮೈಕಿನಲ್ಲಿ ಹೇಳುವ ಕೆಲಸ. ಅಮ್ಮನಿಗೆ ಪಾರ್ಶ್ವವಾಯು ಬಡಿದ ದಿನ ಬಿಟ್ಟ ಆ ಕೆಲಸಕ್ಕೆ ಅವಳು ಮತ್ತೆ ಹೋಗಲಿಲ್ಲ. ಹನ್ನೊಂದು ವರ್ಷ ಅಮ್ಮನನ್ನು ಹೊರಳಿಸಿದಳು, ತೊಳೆದಳು, ಉಣಿಸಿದಳು. ಮದುವೆ ಗಿದುವೆಯ ಮಾತೂ ಅದರೊಂದಿಗೇ ಮುಗಿಯಿತು.

ತಂಗಿಯ ಬಾಳಿನಲ್ಲಿ ಗಂಡ ಎಂಬುವನು ಬಂದು ಹೋಗಿ ಬಹಳ ಕಾಲವಾಗಿತ್ತು. ಅಂಗಡಿಯ ಮೇಲಿನ ಒಂಟಿ ಕೋಣೆಯಿಂದ ಭಾನುವಾರ ಭಾನುವಾರ ಬರುತ್ತಿದ್ದಳು. ಗಂಜಿಯ ಚಮಚ ಅವಳ ಕೈಯಲ್ಲಿದ್ದರೆ ಅಮ್ಮ ತುಟಿ ಬಿಗಿದು ಗೋಡೆಯತ್ತ ತಿರುಗುತ್ತಿದ್ದಳು. "ಅವಳೆಲ್ಲಿ?" ಎಂದು ತೊದಲುತ್ತಿದ್ದಳು. ಅವಳು ಎಂದರೆ ಅಕ್ಕ. ಚಮಚ ಕೈ ಬದಲಾಯಿಸುತ್ತಲೇ ಬಾಯಿ ತೆರೆಯುತ್ತಿತ್ತು. ಅಮ್ಮ ಸತ್ತಾಗಲೂ ಬಂದವರೆಲ್ಲ ಅಕ್ಕನ ಕೈ ಹಿಡಿದು ಸಂತೈಸಿದರು, ಅಮ್ಮ ಅವಳೊಬ್ಬಳಿಗೇ ಅಮ್ಮನಾಗಿದ್ದಳೆಂಬಂತೆ.

ಆಮೇಲೆ ಅಕ್ಕ ಕುಸಿದಳು. ಖಾಲಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತವಳು ನಾಲ್ಕು ತಿಂಗಳು ಹೆಚ್ಚುಕಡಿಮೆ ಏಳಲೇ ಇಲ್ಲ. ಎರಡು ತಾಸಿಗೊಮ್ಮೆ ಮಾತ್ರ ಬೆಚ್ಚಿ ನಿಲ್ಲುತ್ತಿದ್ದಳು, ಹೊರಳಿಸುವ ಹೊತ್ತಾಯಿತೆಂದು. ತಂಗಿ ದಿನವೂ ಸಂಜೆ ಅಂಗಡಿಯಿಂದ ನೇರ ಬಂದು ಉಣಿಸಿದಳು, ತಲೆ ಬಾಚಿದಳು, ಕಾಲುಗುರು ಕತ್ತರಿಸಿದಳು. ಅಕ್ಕ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಆ ನಾಲ್ಕು ತಿಂಗಳು ತನ್ನ ಬದುಕಿನ ಅತ್ಯಂತ ಸುಖದ ದಿನಗಳು ಎಂಬುದನ್ನು ತಂಗಿ ಯಾರಿಗೂ ಹೇಳಿಲ್ಲ.

ಒಂದು ಸಂಜೆ ಬಂದಾಗ ಕುರ್ಚಿ ಖಾಲಿಯಿತ್ತು. ಅಕ್ಕ ಹಿತ್ತಲಲ್ಲಿ ಮಂಡಿಯೂರಿ, ಮೊಣಕೈವರೆಗೆ ಮಣ್ಣು ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು. ಬೇಕರಿಯಲ್ಲಿ ಮೊಳಕೆಯೊಡೆದು ಕೆಟ್ಟ ಆಲೂಗಡ್ಡೆಯ ಬುಟ್ಟಿಯನ್ನು ಅವಳು ಗೋಡೆಯಾಚೆಯಿಂದ ಕೊಟ್ಟಿದ್ದಳಂತೆ, ಎಸೆಯುವ ಬದಲು ಹೂಳಿ ನೋಡಿ ಎಂದು.

"ಊಟ ಆಯ್ತು ಕಣೇ," ಎಂದಳು ಅಕ್ಕ, ತಲೆ ಎತ್ತದೆ. "ಇವರೇ ತಂದಿದ್ರು. ನೀನು ಉಂಡುಬಿಡು."

ತಂಗಿ ತುಂಬಿದ ಡಬ್ಬಿಯನ್ನು ಹಾಗೇ ವಾಪಸು ಹೊತ್ತುಕೊಂಡು ಹೋದಳು.

ಆಲೂಗಡ್ಡೆಯ ಹಿಂದೆ ಟೊಮೇಟೊ ಬಂತು, ಮೂಲಂಗಿ ಬಂತು, ಬದನೆ ಬಂತು. ಅಮ್ಮನ ಮಂಚದ ಕಬ್ಬಿಣದ ಕಟ್ಟು ಹಿತ್ತಲಿಗೆ ಹೋಗಿ ಬಳ್ಳಿಗೆ ಚಪ್ಪರವಾಯಿತು. ಅಕ್ಕ ಬೆಳಿಗ್ಗೆ ಆರಕ್ಕೇ ಎದ್ದು ಮೈಕಿನ ದನಿಯಲ್ಲಿ ಗಿಡಗಳಿಗೆ ಹೇಳುತ್ತಿದ್ದಳು: "ಹಾಗಲ ಎರಡು ದಿನ ತಡ, ಬೀನ್ಸ್ ಹೊತ್ತಿಗೆ ಸರಿಯಾಗಿದೆ." ಬೇಕರಿಯವಳು ಗೋಡೆಯಾಚೆಯಿಂದ ನಗುತ್ತಿದ್ದಳು. ಅಕ್ಕ ತಮಾಷೆ ಮಾಡಬಲ್ಲಳು ಎಂಬುದೇ ತಂಗಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಂಗಿ ಒಂದೂವರೆ ವರ್ಷ ಸಹಿಸಿದಳು. ಒಂದು ಭಾನುವಾರ ಇಬ್ಬರೂ ಬುಟ್ಟಿ ಹಿಡಿದು ಬೀದಿ ಸುತ್ತಲು ಹೋಗಿದ್ದಾಗ ಅವಳೊಬ್ಬಳೇ ಹಿತ್ತಲಿಗಿಳಿದಳು. ಮಂಚದ ಕಟ್ಟಿನ ತುಂಬ ಸೋರೆಬಳ್ಳಿ ಹಬ್ಬಿತ್ತು. ಅಮ್ಮ ಮಲಗಿದ್ದ ಉದ್ದಕ್ಕೆ ಏಳು ಎಳೆಗಾಯಿ ತೂಗುತ್ತಿದ್ದವು. ಚೀಲದಲ್ಲಿ ನೂಲು ಕತ್ತರಿಸುವ ಸಣ್ಣ ಕತ್ತರಿ ಇತ್ತು. ಬುಡದಲ್ಲಿ, ಮಣ್ಣಿಗೆ ಎರಡು ಬೆರಳು ಮೇಲೆ, ಒಂದೇ ಸಲ. ನೀರಿನಂಥ ರಸ ಬೆರಳಿಗೆ ಹತ್ತಿತು.

ಸಂಜೆಗೆ ಎಲೆಗಳೆಲ್ಲ ಜೋತುಬಿದ್ದವು. ಅಕ್ಕ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.

"ಕಾಂಡ ಕೊರೆಯೋ ಹುಳ ಇರಬೇಕು," ಎಂದಳು ಕಡೆಗೆ.

"ಇರಬೇಕು," ಎಂದಳು ತಂಗಿ.

"ಮುಂದಿನ ವಾರ ಬೇಗ ಬಾರೇ. ಒಂದು ಸಾಲು ನೀನೂ ನೋಡ್ಕೋ."

"ನನಗೆ ಮಣ್ಣು ಆಗಿಬರಲ್ಲ."

ಮುಂದಿನ ವಾರ ಅಂಗಡಿಯಲ್ಲಿ ಕೆಲಸವಿದೆ ಎಂದಳು. ವಾರ ಹೋಗಿ ತಿಂಗಳಾಯಿತು. ತಿಂಗಳಿಗೊಮ್ಮೆ ಬರುವುದೂ ನೆಪಕ್ಕಾಯಿತು. ಬಂದರೂ ಹಿತ್ತಲಿಗೆ ಕಾಲಿಡುತ್ತಿರಲಿಲ್ಲ.

*

ಹೆಣದ ಗಾಡಿಯ ಒಳಗೆ ಎದುರುಬದುರು ಎರಡು ಬೆಂಚು, ನಡುವೆ ಅಕ್ಕ. ಒಡಹುಟ್ಟಿದವಳೆಂದು ತಂಗಿ ಒಂದು ಕಡೆ ಕೂತಳು. ಮತ್ತೊಂದು ಕಡೆ ಯಾರು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಬೇಕರಿಯವಳನ್ನೇ ಹತ್ತಿಸಿದರು. ರಸ್ತೆ ತಗ್ಗುದಿಣ್ಣೆಯಾಗಿತ್ತು. ಗಾಡಿ ಕುಲುಕಿದಾಗ ಇಬ್ಬರೂ ಒಟ್ಟಿಗೇ ಕೈ ಚಾಚಿ ಅಕ್ಕನ ಭುಜ ಹಿಡಿದುಕೊಳ್ಳುತ್ತಿದ್ದರು, ಒಟ್ಟಿಗೇ ಬಿಡುತ್ತಿದ್ದರು.

"ನಿಮ್ಮ ಹತ್ರ ಒಂದು ವಿಷಯ ಹೇಳಬೇಕು," ಎಂದಳು ಬೇಕರಿಯವಳು. "ಇವರ ಎದುರಿಗೇ ಹೇಳಿಬಿಡ್ತೀನಿ. ಬದುಕಿದ್ದಾಗ ಆಗಲಿಲ್ಲ."

ತಂಗಿ ತಲೆ ಎತ್ತಿ ಅವಳನ್ನು ನೋಡಿದಳು.

"ನಾಲ್ಕು ವರ್ಷದ ಹಿಂದೆ ಒಂದು ಸೋರೆಬಳ್ಳಿ ಇತ್ತು. ಏಳು ಕಾಯಿ ಬಿಟ್ಟಿತ್ತು. ಅವತ್ತು ಬೆಳಿಗ್ಗೆ ಅದರ ಬುಡದಲ್ಲಿ ಕುಡುಗೋಲು ಹಿಡಿದು ಕಳೆ ಕೊಯ್ದಿದ್ದು ನಾನು. ಸಂಜೆ ನೋಡಿದ್ರೆ ಬಳ್ಳಿ ಹೋಗಿತ್ತು. ನನ್ನ ಕೈಯೇ ತಪ್ಪಿರಬೇಕು. ಇವರು ಹುಳ ಅಂದ್ರು. ನನ್ನ ಮಾನ ಉಳಿಸೋಕೆ ಅಂದ್ರು, ಹುಳ ಅಷ್ಟು ನೇರ ಕೊರೆಯಲ್ಲ. ಹೇಳಬೇಕು, ತಪ್ಪಾಯ್ತು ಅನ್ನಬೇಕು ಅಂತ ದಿನಾ ಅನ್ಕೋತಿದ್ದೆ. ನಾಳೆ ನಾಳೆ ಅಂತ..."

ಅವಳು ಮುಖ ಮುಚ್ಚಿಕೊಂಡಳು. ತಂಗಿಗೆ ಮೊದಲು ಆದದ್ದು ಸಂತೋಷ. ಮೈಯಲ್ಲಿ ಹಿತವಾದ ಬಿಸಿಯೊಂದು ಹರಿಯಿತು. ಇವಳೂ ನಾಲ್ಕು ವರ್ಷ ನೆಮ್ಮದಿಯಾಗಿರಲಿಲ್ಲ, ಸದ್ಯ. ಆ ಬಿಸಿ ಆರುವ ಮುಂಚೆಯೇ ಇನ್ನೊಂದು ಮಾತು ಹೊಳೆಯಿತು. ಹುಳ ಅಷ್ಟು ನೇರ ಕೊರೆಯುವುದಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು. ಹಾಗಾದರೆ ಅವತ್ತು ಅವಳು ಉಳಿಸಿದ್ದು ಯಾರ ಮಾನ? ಒಂದು ಸಾಲು ನೋಡಿಕೋ ಎಂದು ಕರೆದದ್ದು ಬೇಕರಿಯವಳನ್ನಲ್ಲ.

ಗಾಡಿ ಮತ್ತೆ ಕುಲುಕಿತು. ಈ ಸಲ ಅಕ್ಕನ ಭುಜ ಹಿಡಿದದ್ದು ಬೇಕರಿಯವಳು ಒಬ್ಬಳೇ.

ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ತೆರೆಯಿತು, ಮುಚ್ಚಿತು. ಮೇಷ್ಟ್ರು ಎರಡು ಮಾತಾಡಲು ಹೋಗಿ ಒಂದರಲ್ಲೇ ನಿಲ್ಲಿಸಿದರು. ಜನ ಚದುರಿದರು.

*

ತಂಗಿ ಒಬ್ಬಳೇ ಮನೆಗೆ ಬಂದು ಹಿಂಬಾಗಿಲು ತೆಗೆದಾಗ ಇಳಿಬಿಸಿಲು ಹಿತ್ತಲಿನ ತುಂಬ ಇತ್ತು. ಎರಡು ದಿನದ ಕಾವಿಗೆ ಬದನೆ ಎಲೆಗಳು ತೊಯ್ದ ಬಟ್ಟೆಯಂತೆ ಇಳಿಬಿದ್ದಿದ್ದವು. ಬೀನ್ಸ್ ಸಾಲಿನಲ್ಲಿ ಒಂದು ಕಡೆ ಗಿಡಗಳು ನೆಲಕ್ಕೊರಗಿದ್ದವು, ಮನುಷ್ಯರೊಬ್ಬರು ಮಲಗಿ ಎದ್ದಷ್ಟು ಅಗಲ. ಹೀಗೇ ಬಾಗಿಲು ಹಾಕಿ ಹೋದರೆ ವಾರದೊಳಗೆ ಎಲ್ಲ ಒಣಗುತ್ತದೆ. ಯಾರೂ ಕೇಳುವುದಿಲ್ಲ. ಕೀಲಿ ಅವಳ ಹತ್ತಿರವಿದೆ.

ಗೋಡೆಯ ಆಚೆ ಏನೋ ಸದ್ದಾಯಿತು. ಬೇಕರಿಯವಳು ಸ್ಟೂಲು ಹತ್ತಿ ನಿಂತಿದ್ದಳು. ಮೂಗಿನಿಂದ ಮೇಲೆ ಮಾತ್ರ ಕಾಣುತ್ತಿತ್ತು. ತಂಗಿಯನ್ನು ಕಂಡು ಇಳಿಯಲು ಹೋದಳು.

"ನಿಮ್ಮ ಕುಡುಗೋಲಲ್ಲ," ಎಂದಳು ತಂಗಿ. "ನನ್ನ ಕತ್ತರಿ."

"ಏನು?"

"ಆ ಬಳ್ಳಿ. ನಾನು ಕತ್ತರಿಸಿದ್ದು. ಬೇಕೂಂತಲೇ."

ಗೋಡೆಯ ಮೇಲಿನ ಮುಖ ಮರೆಯಾಯಿತು. ಆಚೆ ಮನೆಯ ಬಾಗಿಲು ಬಡಿದುಕೊಂಡ ಸದ್ದು ಕೇಳಿತು. ಆಯಿತು, ಇನ್ನು ಇವಳು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಳು ತಂಗಿ. ಅಷ್ಟರಲ್ಲಿ ಮನೆಯ ಮುಂಬಾಗಿಲು ಕಿರುಗುಟ್ಟಿತು. ಬೇಕರಿಯವಳು ಮನೆ ಹಾದು ಹಿತ್ತಲಿಗೆ ಬರಿಗಾಲಲ್ಲೇ ಬಂದಿದ್ದಳು.

"ನಾಲ್ಕು ವರ್ಷ ನಾನು ಆ ಕುಡುಗೋಲು ಮುಟ್ಟಿಲ್ಲ," ಎಂದಳು. "ಕಳೇನೆಲ್ಲ ಕೈಯಲ್ಲೇ ಕಿತ್ತಿದೀನಿ. ಯಾಕೆ ಹಾಗೆ ಮಾಡಿದ್ರಿ?"

"ಹೊಟ್ಟೆಕಿಚ್ಚು."

"ಬಳ್ಳಿ ಮೇಲಾ?"

"ನಿಮ್ಮ ಮೇಲೆ."

ಬೇಕರಿಯವಳು ಮೆಟ್ಟಿಲ ಮೇಲೆ ಕೂತಳು. ತನ್ನ ಅಂಗೈಗಳನ್ನು ತಾನೇ ತಿರುಗಿಸಿ ನೋಡಿಕೊಂಡಳು. ಆಮೇಲೆ, "ಇವತ್ತು ನಿಮ್ಮ ಹತ್ರ ಮಾತಾಡೋ ಶಕ್ತಿ ನನಗಿಲ್ಲ. ನೀರು ಹಾಕಿ ಹೋಗ್ತೀನಿ," ಎಂದಳು.

"ನಾನು ಹಾಕ್ತೀನಿ."

ತಂಗಿ ತೊಟ್ಟಿಯಿಂದ ಚೊಂಬಿನಲ್ಲಿ ನೀರು ಮೊಗೆದು ಮೊದಲ ಬದನೆ ಗಿಡದ ನೆತ್ತಿಯ ಮೇಲೆ ಸುರಿದಳು. ನೀರು ಎಲೆಗಳಿಂದ ಜಾರಿ ದೂರದ ಒಣನೆಲಕ್ಕೆ ಬಿತ್ತು. ಎರಡನೆಯ ಗಿಡಕ್ಕೂ ಹಾಗೇ. ಬೇಕರಿಯವಳು ಮುಖ ತಿರುಗಿಸಿ ಕೂತಿದ್ದಳು. ಮೂರನೆಯ ಗಿಡದ ಹೊತ್ತಿಗೆ ಅವಳಿಂದ ತಡೆಯಲಾಗಲಿಲ್ಲ. ಎದ್ದು ಬಂದವಳು ತಂಗಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, ಮಾತಿಲ್ಲದೆ, ಬಾಗಿಸಿ ಬಾಗಿಸಿ ಕೆಳಗೆ ತಂದಳು. ಹಿಟ್ಟು ನಾದಿ ಗಡುಸಾದ ಬೆರಳುಗಳು. ಮೊದಲ ದಿನ ಅಕ್ಕನ ಕೈಯನ್ನೂ ಇವಳು ಹೀಗೇ ಹಿಡಿದಿರಬೇಕು ಎಂದು ತಂಗಿಗೆ ಅನ್ನಿಸಿತು. ಅದೇ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಆದರೆ ಅವಳು ಕೈ ಬಿಡಿಸಿಕೊಳ್ಳಲಿಲ್ಲ.

ಚೊಂಬಿನ ಬಾಯಿ ಮಣ್ಣಿಗೆ ತಾಗುವಷ್ಟು ಕೆಳಗಿಳಿಯಿತು. ನೀರು ಸದ್ದಿಲ್ಲದೆ ಬುಡದ ಸುತ್ತ ನಿಂತು, ಒಂದು ಗುಳ್ಳೆ ಬಿಟ್ಟು, ಒಳಗಿಳಿಯಿತು.